ತಳಿ ಹೆಸ್ರು ಸಾಕ್ರಿ, ನಮ್ಮೂರಿನ ಲೆಕ್ಕ ಹಾಕ್ರಿ

ಮಾನ್ಯ ಸಂಪಾದಕರಿಗೆ ಕಲಬುರಗಿಯಿಂದ ನಮಸ್ಕಾರ.

ನಂದು ಇಲ್ಲಿ ಗಂಜ್ ಹತ್ರ ಒಂದು ಸಣ್ಣ ಮೆಡಿಕಲ್ ಅಂಗಡಿ ಅದ್ರಿ, ಇಪ್ಪತ್ತೆರಡು ವರ್ಷ ಆಯ್ತು. ಬರೆಯೋ ಮನುಷ್ಯ ಅಲ್ಲ ನಾ, ಬಿಲ್ ಬಿಟ್ರ ಬ್ಯಾರೆ ಏನೂ ಬರೆದವ ಅಲ್ಲ, ಆದ್ರ ಪೇಪರ್ ಮಾತ್ರ ದಿನಾ ಗಲ್ಲಾ ಮ್ಯಾಲೇ ಬಿದ್ದಿರ್ತದ. ನಾ ಓದಿದ್ಮ್ಯಾಲ ಹಮಾಲರು ಓದ್ತಾರ, ಅವ್ರದು ಮುಗೀತಂದ್ರ ತೊಗರಿ ಮಾರ್ಲಿಕ್ಕ ಬಂದ ರೈತ್ರು ಓದ್ತಾರ, ಸಂಜಿ ಆದ್ರ ಅದೇ ಪೇಪರ್‌ದಾಗ ಪಕ್ಕದ ಬಂಡಿಯವ ಭಜಿ ಕಟ್ಟಿ ಕೊಡ್ತಾನ. ಅಂದ್ರ ನಿಮ್ ಒಂದು ಪೇಪರ್ ನಮ್ ಕಡಿ ಏನಿಲ್ಲಂದ್ರೂ ಹದಿನೈದು ಮಂದಿ ಓದ್ತಾರ್ರಿ, ಅದಕ್ಕೇ ನೀವು ವೈರಸ್ ಸುದ್ದಿ ಬರೆಯೋ ರೀತಿ ಬಗ್ಗೆ ಈ ಪತ್ರ.

ಹೋದ ತೊಗರಿ ಸುಗ್ಗ್ಯಾಗ ಆಳಂದ ಕಡಿ ಅಜ್ಜ ಒಬ್ರು ಮೊಣಕಾಲಿಗೆ ಹಚ್ಚೋ ಎಣ್ಣಿ ತಗೊಳ್ಳಾಕ ಬಂದಿದ್ರು. ಗಲ್ಲಾ ಮ್ಯಾಲಿನ ಪೇಪರ್ ಎತ್ಕೊಂಡು, ಚಾಳೀಸ್ ಮೂಗಿನ ತುದಿಗಿ ಇಳಿಸ್ಕೊಂಡು, ಒಂದೊಂದೇ ಅಕ್ಷರ ಕೂಡಿಸ್ಕೊಂಡು ಓದಿ ನನ್ ಮುಖ ನೋಡಿ ಕೇಳಿದ್ರು, "ಸಾವ್ಕಾರ್ರ, ಹೊಸ ತಳಿ ಬಂದದಂತಲ್ಲ, ಯಾವ ಕಂಪನೀದು? ನೆಟೆ ರೋಗ ತಡೀತದೇನು?" ನಂಗ ನಗು ತಡಿಲಿಕ್ಕಾಗ್ಲಿಲ್ಲ, "ಅಜ್ಜಾ ಅದು ತೊಗರಿ ತಳಿ ಅಲ್ಲ, ಕೊರೊನಾ ತಳಿ" ಅಂದೆ. ಅಜ್ಜಗ ನಗು ಬರ್ಲಿಲ್ಲ, "ಮತ್ತ ತಳಿ ಅಂತ ಯಾಕ ಬರೀತಾರ, ತಳಿ ಅಂದ್ರ ಮಂದಿ ಮಾಡಿದ್ದು ಅಲ್ಲೇನು" ಅಂದ್ರು. ಎಣ್ಣಿ ತಗೊಂಡು ಹೋದ್ರು, ಮಾತು ಮಾತ್ರ ನನ್ ತಲ್ಯಾಗ ಕುಂತ್ಬಿಡ್ತು.

ಖರೇನ್ರಿ ಅದು. ನಮ್ ಭಾಗದಾಗ ತಳಿ ಅಂದ್ರ ಮಾರುತಿ, ಟಿಎಸ್ 3ಆರ್, ಜಿಆರ್‌ಜಿ 811, ಅಂದ್ರ ಸಂಶೋಧನಾ ಕೇಂದ್ರದವ್ರು ವರ್ಷಾನುಗಟ್ಲೆ ಕುಂತು ಆರಿಸಿ ಆರಿಸಿ ತಯಾರ್ ಮಾಡಿದ್ದು. ಪೇಪರ್‌ದಾಗ ವೈರಸ್ಸಿಗೂ ತಳಿ ಅಂತ ಬರ್ದಾಗ ಮಂದಿಗಿ ಯಾರೋ ಕುಂತು ಇದನ್ನ ಮಾಡ್ಯಾರ ಅನಿಸ್ತದ, ಅಲ್ಲಿಂದ ವಾಟ್ಸಾಪ್ ಕಥಿಗಳು ಶುರು ಆಗ್ತಾವ. ನಮ್ ಅಂಗಡಿ ಮುಂದ ನಿಂತು "ಮಾಸ್ಕ್ ಕಂಪನಿಯವ್ರೇ ಬಿಡ್ತಾರ್ರಿ ಇವನ್ನ" ಅಂತ ಹೇಳೋರಿಗಿ ಲೆಕ್ಕಾನೇ ಇಲ್ಲ. ಹಂಗ ಹೇಳ್ಕೋತ ಒಂದು ಮಾಸ್ಕ್ ತಗೊಂಡು ಹೋಗ್ತಾರ, ಅದು ಬ್ಯಾರೆ ಮಾತು.

ಆದ್ರ ಅಜ್ಜನ ಮಾತಿನಾಗೇ ಉತ್ತರಾನೂ ಅದ ಅಂತ ಆಮ್ಯಾಲ ಹೊಳೀತು. ತೊಗರಿ ಹೂವಿಗಿ ಬಂದಾಗ ಕಾಯಿಕೊರಕ ಕೀಡಿ ಬೀಳ್ತದ. ಒಂದೇ ಔಷಧ ವರ್ಷ ವರ್ಷ ಹೊಡೆದ್ರ ಏನಾಗ್ತದ ಅಂತ ಆಳಂದದ ಯಾವ ರೈತ್ರಿಗಾದ್ರೂ ಕೇಳ್ರಿ. ಮೊದಲ್ನೇ ವರ್ಷ ಎಲ್ಲಾ ಸಾಯ್ತಾವ, ಎರಡನೇ ವರ್ಷ ಒಂದಿಷ್ಟು ಉಳೀತಾವ, ನಾಕನೇ ವರ್ಷಕ್ಕ ಔಷಧ ಹೊಡೆದ್ರೂ ಕೀಡಿ ಕಾಯ್ಯಾಗ ಆರಾಮ್ ಕುಂತಿರ್ತದ. ಔಷಧ ಏನ್ ಆ ಕೀಡಿ ಹುಟ್ಸಿಲ್ಲ, ಔಷಧ ತಡ್ಕೊಳ್ಳೋ ಕೀಡಿ ಮೊದಲೇ ಒಂದೋ ಎರಡೋ ಇದ್ವು, ಉಳಿದವ್ರು ಸತ್ತ್ ಮ್ಯಾಲ ಹೊಲ ಪೂರಾ ಅವುಕೇ ಸಿಕ್ತು. ವೈರಸ್‌ದೂ ಇದೇ ಲೆಕ್ಕ. ನಮ್ ಮೈಯಾಗಿನ ರೋಗನಿರೋಧಕ ಶಕ್ತಿ, ಹಿಂದ ಬಂದು ಹೋದ ಜ್ವರ, ಹಾಕ್ಸ್ಕೊಂಡ ಸೂಜಿ, ಇವೆಲ್ಲಾ ಔಷಧ ಹೊಡೆದಂಗ, ಅವನ್ನ ದಾಟ್ಕೊಂಡು ಹೋಗೋ ರೂಪ ಯಾವ್ದೋ ಅದೇ ಮುಂದ ಹಬ್ತದ.

ಮತ್ತ ಆ ಒಂದೋ ಎರಡೋ ಬ್ಯಾರೆ ಥರದವು ಎಲ್ಲಿಂದ ಬರ್ತಾವ ಅಂದ್ರ ನಕಲು ಮಾಡೋದ್ರಾಗ ಆಗೋ ತಪ್ಪಿನಿಂದ. ಕೊರೊನಾ ವೈರಸ್ಸಿನ ಬರಹ, ಅಂದ್ರ ಅದರ ಜೀನೋಮ್, ಸುಮಾರು 30,000 ಅಕ್ಷರದ್ದು, ನಮ್ ಜೀವಕೋಶದೊಳಗ ಹೊಕ್ಕು ಅದನ್ನೇ ಮತ್ತ ಮತ್ತ ನಕಲು ಹೊಡೀತದ. ನಮ್ ಅಂಗಡ್ಯಾಗ ಹೊಸ ಹುಡುಗ ಸ್ಟಾಕ್ ವಹಿ ನಕಲು ಮಾಡಿದ್ರ ಹತ್ತು ಸಾಲಿಗಿ ಎರಡು ತಪ್ಪು ಇರ್ತಾವ, ಆ ಲೆಕ್ಕಕ್ಕ ನೋಡಿದ್ರ ಈ ವೈರಸ್ ಶಾಣ್ಯಾ ಅದ, ತಪ್ಪು ತಿದ್ದೋ ವ್ಯವಸ್ಥಾನೂ ಇಟ್ಕೊಂಡದ, ಅಷ್ಟಾದ್ರೂ ಒಂದು ವಂಶದಾಗ ತಿಂಗಳಿಗಿ ಸುಮಾರು ಎರಡು ಅಕ್ಷರ ಬದಲಾಗಿ ಉಳೀತಾವ. ಬಹಳಷ್ಟು ತಪ್ಪಿನಿಂದ ಏನೂ ಆಗಂಗಿಲ್ಲ, ಕೆಲವು ತಪ್ಪಿನಿಂದ ವೈರಸ್ಸೇ ಸಾಯ್ತದ, ಎಲ್ಲೋ ಒಂದು ತಪ್ಪು ವೈರಸ್ಸಿನ ಮೈಮ್ಯಾಲಿನ ಮುಳ್ಳು, ಅಂದ್ರ ಸ್ಪೈಕ್ ಪ್ರೋಟೀನಿನ ಆಕಾರ ಬದಲಿ ಮಾಡಿ ಅದಕ್ಕ ಲಾಭ ಮಾಡಿ ಕೊಡ್ತದ. ಓಮಿಕ್ರಾನ್ ಬಂದಾಗ ಸ್ಪೈಕ್ ಒಂದರಾಗೇ 30ಕ್ಕಿಂತ ಹೆಚ್ಚು ಬದಲಾವಣಿ ಇದ್ವು. ಅಷ್ಟು ಒಮ್ಮೆಲೇ ಹ್ಯಾಂಗ ಅಂದ್ರ, ರೋಗನಿರೋಧಕ ಶಕ್ತಿ ಕಡಿಮಿ ಇದ್ದವ್ರ ಮೈಯಾಗ ವೈರಸ್ ತಿಂಗಳುಗಟ್ಲೆ ಉಳಿದು ಬದಲಾಗ್ಕೋತ ಹೋಗಿರಬೇಕು ಅನ್ನೋದು ವಿಜ್ಞಾನಿಗಳು ಹೇಳೋ ಒಂದು ಕಾರಣ. ಇನ್ನ ಫ್ಲೂ ವೈರಸ್ಸಿಂದು ಇದಕ್ಕಿಂತ ಮಜಾ ಅದ, ಅದರ ಬರಹ ಎಂಟು ತುಂಡಾಗಿ ಇರ್ತದ, ಹಂದಿ ಮೈಯಾಗ ಎರಡು ಮೂರು ಥರದ ಫ್ಲೂ ಸೇರಿದ್ರ ಇಸ್ಪೀಟ್ ಎಲಿ ಕಲಸಿದಂಗ ತುಂಡು ಅದಲುಬದಲು ಆಗ್ತಾವ. 2009ರಾಗ ಬಂದ ಎಚ್1ಎನ್1 ಹಂಗ ಹುಟ್ಟಿದ್ದು.

ಇಷ್ಟು ಬರೆದ್ರ ನಮ್ ರೈತ್ರಿಗಿ ತಿಳೀತದ್ರಿ. ನೀವು ಏನ್ ಬರೀತೀರಿ? "ಮತ್ತೆ ಹೊಸ ತಳಿ, ಹೆಚ್ಚಿದ ಆತಂಕ." ಕೆಳಗ ಒಂದು ಕೆಂಪು ಮುಳ್ಳಿನ ಚೆಂಡಿನ ಫೋಟೋ. ಆ ಚೆಂಡು ನೋಡಿ ನೋಡಿ ನಮ್ ಹಮಾಲರ ಹುಡುಗ್ರು ಅದಕ್ಕ ಉಮ್ಮತ್ತಿ ಕಾಯಿ ಅಂತ ಹೆಸರಿಟ್ಟಾರ.

ಮತ್ತ ಹೆಸ್ರು ನೋಡ್ರಿ, ಜೆಎನ್.1, ಎಲ್ಎಫ್.7, ಎನ್‌ಬಿ.1.8.1, ಎಕ್ಸ್‌ಎಫ್‌ಜಿ, ಯಾವ್ದೋ ಲಾರಿ ನಂಬರ್ ಓದಿದಂಗ. 2025ರ ಮೇ ತಿಂಗಳಾಗ ಕೇಸ್ ಸ್ವಲ್ಪ ಏರಿದಾಗ ನಮ್ ಗಿರಾಕಿಗಳು ಚೀಟ್ಯಾಗ ಈ ಹೆಸ್ರು ಬರ್ಕೊಂಡು ಬಂದು "ಇದಕ್ಕ ಗುಳಗಿ ಕೊಡ್ರಿ" ಅಂತಿದ್ರು. ಒಂದು ಸಾಲು ನೀವು ಬರೆದಿದ್ರ ಸಾಕಿತ್ತು, ಇವೆಲ್ಲಾ ಓಮಿಕ್ರಾನ್ ಮನೆತನದ ಮಕ್ಕಳು ಮೊಮ್ಮಕ್ಕಳೇ, 2021ರ ನವೆಂಬರ್‌ದಾಗ ಓಮಿಕ್ರಾನಿಗಿ ಗ್ರೀಕ್ ಅಕ್ಷರ ಕೊಟ್ಟ್ ಮ್ಯಾಲ 2025ರ ತನಕ ವಿಶ್ವ ಆರೋಗ್ಯ ಸಂಸ್ಥೆ ಯಾವ ಹೊಸ ರೂಪಕ್ಕೂ ಹೊಸ ಅಕ್ಷರ ಕೊಟ್ಟಿಲ್ಲ, ಅಂದ್ರ ಅಷ್ಟು ದೊಡ್ಡ ಫರಕ್ ಅವ್ರಿಗಿ ಕಂಡಿಲ್ಲ ಅಂತ. ಇದ್ರಿಂದ ಹೆದರಿಕಿ ಕಡಿಮಿ ಆಗ್ತದ, ಪೇಪರ್ ಏನ್ ಕಡಿಮಿ ಮಾರಾಟ ಆಗಂಗಿಲ್ಲ.

ಈಗ ನಾ ಹೇಳ್ಬೇಕಂದಿದ್ದಕ್ಕ ಬರ್ತೀನಿ. ಹೆಸ್ರಿನ ಮಾತು ಬಂತಲ್ಲ, ಹೆಸ್ರಿನ ಸಂಕಟ ಏನು ಅಂತ ಕಲಬುರಗಿಯವ್ರಿಗಿ ಗೊತ್ತಿದ್ದಷ್ಟು ಈ ದೇಶದಾಗ ಬ್ಯಾರೆ ಯಾರಿಗೂ ಗೊತ್ತಿಲ್ಲ.

2020ರ ಮಾರ್ಚ್ 10, ಹೋಳಿ ಹುಣ್ಣಿಮಿ ಸುಮಾರು. ಸೌದಿಯಿಂದ ಬಂದಿದ್ದ ನಮ್ಮೂರಿನ 76 ವರ್ಷದ ಹಿರಿಯರೊಬ್ರು ತೀರ್ಕೊಂಡ್ರು. ಅವ್ರಿಗಿ ಕೊರೊನಾ ಇತ್ತು ಅನ್ನೋದು ಖಾತ್ರಿ ಆಗಿದ್ದು 12ನೇ ತಾರೀಖು, ಯಾಕಂದ್ರ ಆವಾಗ ಟೆಸ್ಟ್ ಮಾಡೋ ಲ್ಯಾಬ್ ಇಲ್ಲಿರ್ಲಿಲ್ಲ, ಸ್ಯಾಂಪಲ್ ಆರ್ನೂರು ಕಿಲೋಮೀಟರ್ ದೂರ ಬೆಂಗಳೂರಿಗಿ ಹೋಗಬೇಕಿತ್ತು. ಮನುಷ್ಯ ಮೊದಲು ಹೋದ್ರು, ರಿಪೋರ್ಟ್ ಆಮ್ಯಾಲ ಬಂತು. ದೇಶದಾಗ ಕೊರೊನಾದಿಂದ ಮೊದಲ್ನೇ ಸಾವು. ಅವತ್ತು ಸಂಜಿ ನಮ್ ಅಂಗಡಿ ಮುಂದ ರೋಡ್ ತನಕ ಪಾಳಿ ಇತ್ತು. ಮೂರು ರೂಪಾಯಿ ಮಾಸ್ಕಿಗಿ ಸ್ಟಾಕಿಸ್ಟ್ ಫೋನಿನಾಗ ಹದಿನೈದು ಅಂದ, ಬೆಳಿಗ್ಗಿ ಇಪ್ಪತ್ತೈದು ಅಂದ. ಎಂಟು ಗಂಟಿಗಿ ಶಟರ್ ಅರ್ಧ ಇಳಿಸಿ ನಿಂತಿದ್ದೆ, ಕೆಳಗಿಂದ ಕೈ ಒಳಗ ಹಾಕಿ ನೋಟು ತೋರಸ್ತಿದ್ರು, ಮುಖ ಕಾಣಂಗಿಲ್ಲ, ಬರೇ ಕೈ. ಬಳಿ ಹಾಕಿದ ಕೈ, ಸಿಮೆಂಟ್ ಮೆತ್ತಿದ ಕೈ. ಇವತ್ತಿಗೂ ಶಟರ್ ಅರ್ಧ ಇಳಿಸಿದ್ರ ಅದೇ ನೆನಪಾಗ್ತದ.

ಮರುದಿನದಿಂದ ನಮ್ಮೂರಿಗಿ ಅದೇ ಹೆಸ್ರು ಆಯ್ತು. ನಮ್ ಅಣ್ಣನ ಮಗ ಬೆಂಗಳೂರಾಗ ಪಿಜಿಯಾಗಿದ್ದ, ಊರಿಗಿ ಬಂದು ತಿಂಗಳಾಗಿತ್ತೋ ಏನೋ, ಆದ್ರೂ ಮಾಲಕ "ನೀ ಕಲಬುರಗಿಯವ ಅಲ್ಲಾ" ಅಂತ ರೂಮ್ ಖಾಲಿ ಮಾಡ್ಸಿದ. ನಮ್ ಬೀಗ್ರ ಪೈಕಿ ಒಂದು ಹುಡುಗಿ ನೋಡಾಕ ಬರೋರು ಬರ್ಲೇ ಇಲ್ಲ. ರೋಗ ನಮ್ಮಲ್ಲಿ ಹುಟ್ಟಿದ್ದಲ್ಲ, ಮೊದಲು ಸಿಕ್ಕಿದ್ದು ಅಷ್ಟೇ. ಸಿಕ್ಕಿದ್ದಕ್ಕ ಶಿಕ್ಷೆ.

ಇದು ನಮಗಷ್ಟೇ ಆದದ್ದಲ್ಲ ಬಿಡ್ರಿ. 1918ರ ಫ್ಲೂಗ ಸ್ಪ್ಯಾನಿಷ್ ಫ್ಲೂ ಅಂತಾರ, ಅದು ಸ್ಪೇನಿನಾಗ ಹುಟ್ಟಿದ್ದಕ್ಕಲ್ಲ. ಮೊದಲ್ನೇ ಮಹಾಯುದ್ಧದಾಗ ಬಡದಾಡೋ ದೇಶಗಳು ಪೇಪರಿಗಿ ಸೆನ್ಸಾರ್ ಹಾಕಿದ್ವು, ಸ್ಪೇನ್ ಯುದ್ಧದಾಗ ಇರ್ಲಿಲ್ಲ, ಅಲ್ಲಿನ ಪೇಪರಿನವ್ರು ಇದ್ದದ್ದು ಇದ್ದಂಗ ಬರೆದ್ರು. ಖರೆ ಬರೆದೋರ ದೇಶದ ಹೆಸ್ರೇ ರೋಗಕ್ಕ ಅಂಟ್ತು ನೋಡ್ರಿ, ಪತ್ರಕರ್ತರಾಗಿ ನಿಮಗಿದು ನಮಗಿಂತ ಹೆಚ್ಚು ಚುಚ್ಚಬೇಕು. 2021ರಾಗ ಡೆಲ್ಟಾ ಬಂದಾಗ ಜಗತ್ತೆಲ್ಲಾ ಅದಕ್ಕ ಇಂಡಿಯನ್ ವೇರಿಯಂಟ್ ಅಂತು, ಆವಾಗ ನಮ್ ಟಿವಿಯವ್ರಿಗೆಲ್ಲಾ ಸಿಟ್ಟು ಬಂತು. ಅದೇ ಟಿವಿಯವ್ರು ಅದಕ್ಕೂ ಮೊದಲು ಯುಕೆ ತಳಿ, ಆಫ್ರಿಕಾ ತಳಿ ಅಂತ ಮೂರು ತಿಂಗಳು ಚೀರಿದ್ರು. ಕಡೀಗಿ 2021ರ ಮೇ 31ಕ್ಕ ವಿಶ್ವ ಆರೋಗ್ಯ ಸಂಸ್ಥೆ ದೇಶದ ಹೆಸ್ರು ಬ್ಯಾಡ, ಆಲ್ಫಾ ಬೀಟಾ ಗಾಮಾ ಡೆಲ್ಟಾ ಅನ್ರಿ ಅಂತ ಹೇಳ್ತು.

ಹೇಳಿದ್ರೇನ್, ಆರು ತಿಂಗಳಾಗ ಮತ್ತ ಅದೇ ಹಾಡು. 2021ರ ನವೆಂಬರ್ 24ಕ್ಕ ದಕ್ಷಿಣ ಆಫ್ರಿಕಾದವ್ರು ಹೊಸ ರೂಪ ಸಿಕ್ಕದ ಅಂತ ತಾವಾಗೇ ಡಬ್ಲ್ಯುಎಚ್‌ಒಗ ತಿಳಿಸಿದ್ರು, ಎರಡೇ ದಿನದಾಗ ಅದಕ್ಕ ಓಮಿಕ್ರಾನ್ ಅಂತ ಹೆಸ್ರಾಯ್ತು, ಜೊತಿಗೇ ದೇಶ ದೇಶಗಳು ಅವ್ರ ವಿಮಾನ ಬಂದ್ ಮಾಡಿದ್ವು. ಆಮ್ಯಾಲ ಏನ್ ಹೊರಗ ಬಂತು? ನೆದರ್ಲೆಂಡ್ಸ್‌ದಾಗ ನವೆಂಬರ್ 19ಕ್ಕೇ ತಗೊಂಡ ಸ್ಯಾಂಪಲ್‌ದಾಗ ಅದೇ ವೈರಸ್ ಇತ್ತು. ಅಂದ್ರ ಅಲ್ಲೂ ಇತ್ತು, ಕಣ್ಣಿಗಿ ಬಿದ್ದಿರ್ಲಿಲ್ಲ. ನಮ್ ದೇಶದ ಮೊದಲ್ನೇ ಎರಡು ಓಮಿಕ್ರಾನ್ ಕೇಸ್ ಡಿಸೆಂಬರ್ 2ಕ್ಕ ನಮ್ ರಾಜ್ಯದಾಗೇ, ಬೆಂಗಳೂರಾಗೇ ಸಿಕ್ವು. ಒಬ್ರು ದಕ್ಷಿಣ ಆಫ್ರಿಕಾದಿಂದ ಬಂದವ್ರು ಖರೆ, ಇನ್ನೊಬ್ರು ಬೆಂಗಳೂರಿನ ಡಾಕ್ಟರು, ಅವ್ರು ವಿದೇಶಕ್ಕ ಹೋಗೇ ಇರ್ಲಿಲ್ಲ. ವಿಮಾನ ಬಂದ್ ಮಾಡಿ ಏನ್ ಉಪಯೋಗ ಆಯ್ತು ನೀವೇ ಹೇಳ್ರಿ.

ಹುಡುಕಿದವ್ರಿಗಿ ಸಿಗ್ತದ, ಸಿಕ್ಕವ್ರಿಗಿ ಬೈಗುಳ. ಹಿಂಗಾದ್ರ ಮುಂದ ಯಾರ್ ಹುಡುಕ್ತಾರ? ದೇಶಗಳ ಮಾತು ಹಂಗಿರ್ಲಿ, ಮನಿ ಮನ್ಯಾಗ ಇದು ಹ್ಯಾಂಗ ಆಗ್ತದ ಅನ್ನೋದು ನನ್ ಅಂಗಡಿ ಗಲ್ಲಾದಿಂದ ಕಾಣ್ತದ, ಒಂದು ಹೇಳ್ತೀನಿ.

2020ರ ಮೇ ತಿಂಗಳು, ಮುಂಬೈ ಪುಣೆಗಿ ದುಡಿಯಾಕ ಹೋದ ಮಂದಿ ವಾಪಸ್ ಬರ್ಲಾಕತ್ತಿದ್ರು. ಒಬ್ಬ ಹೆಣ್ಮಗಳು ಮಧ್ಯಾಹ್ನದ ಬಿಸಿಲಾಗ ಬಂದು "ಅಣ್ಣಾ, ಸಣ್ಣ ಹುಡುಗಗ ಮೈ ಕಾಯ್ದದ, ಜ್ವರದ ಗುಳಗಿ ಕೊಡ್ರಿ" ಅಂದ್ಲು. ಹುಡುಗಗ ಎಷ್ಟು ವರ್ಷ ಅಂದೆ, ನಾಕು ಅಂದ್ಲು. ಸಿರಪ್ ತೆಗ್ದೆ. "ಸಿರಪ್ ಬ್ಯಾಡ್ರಿ, 650ರ ಗುಳಗಿ, ಎರಡು ಸ್ಟ್ರಿಪ್" ಅಂದ್ಲು, ಅಂದು ತಲಿ ಕೆಳಗ ಹಾಕಿದ್ಲು. ನಾಕು ವರ್ಷದ ಹುಡುಗಗ ದೊಡ್ಡವ್ರ 650 ಯಾರ್ ಕೊಡ್ತಾರ್ರಿ. ಅವಳ ಗಂಡ ಹಿಂದಿನ ದಿನ ಲಾರಿ ಮ್ಯಾಲ ಕುಂತು ಮುಂಬೈಯಿಂದ ಬಂದಾನ ಅಂತ ನಂಗ ತಿಳೀತು, ತಿಳೀತು ಅಂತ ಅವಳಿಗೂ ತಿಳೀತು. ಕೇಳಿದ್ರ ಅಂಬ್ಯುಲೆನ್ಸ್ ಬರ್ತದ, ಓಣಿಗಿ ಓಣೀನೇ ತಗಡು ಬಡೀತಾರ, ಮನಿ ಬಾಗ್ಲಿಗಿ ಪೋಸ್ಟರ್ ಹಚ್ತಾರ, ನೀರಿನ ನಳದ ಹತ್ರ ಯಾರೂ ಮಾತಾಡ್ಸಂಗಿಲ್ಲ. ನಾ ಕೇಳ್ಲಿಲ್ಲ. ಎರಡು ಸ್ಟ್ರಿಪ್ ಕೊಟ್ಟೆ, ರೊಕ್ಕ ತಗೊಂಡೆ. ಹದಿನೈದು ದಿನ ಆದ್ಮ್ಯಾಲ ಅವಳ ಅತ್ತಿ ತೀರ್ಕೊಂಡ್ಲು ಅಂತ ಸುದ್ದಿ ಬಂತು, ಸಕ್ಕರಿ ಕಾಯಿಲಿ ಇದ್ದ ಮುದುಕಿ. ಯಾವ ಲೆಕ್ಕದಾಗೂ ಬರ್ಲಿಲ್ಲ ಆ ಸಾವು. ಟೆಸ್ಟ್ ಆಗ್ಲಿಲ್ಲ ಅಂದ್ಮ್ಯಾಲ ಯಾವ ರೂಪದ ವೈರಸ್ ಇತ್ತು ಅಂತ ಕೇಳೋದೇ ದೂರ. ಅವತ್ತು ನಾ "ತಂಗೀ, ಅತ್ತಿಗಿ ಬ್ಯಾರೆ ಖೋಲ್ಯಾಗ ಇಡು" ಅಂತ ಒಂದು ಮಾತಾದ್ರೂ ಹೇಳಬೇಕಿತ್ತು.

ಲೆಕ್ಕದ ಮಾತಿಗಿ ಬರ್ತೀನಿ. ಹೊಸ ರೂಪ ಸಿಗಬೇಕಂದ್ರ ಮೊದಲು ಜ್ವರ ಬಂದವ ಟೆಸ್ಟ್ ಮಾಡ್ಸ್ಕೋಬೇಕು, ಪಾಸಿಟಿವ್ ಬರ್ಬೇಕು, ಸ್ಯಾಂಪಲ್‌ದಾಗ ವೈರಸ್ ಸಾಕಷ್ಟು ಇರಬೇಕು, ಅದನ್ನ ಥಂಡಿ ಡಬ್ಬ್ಯಾಗ ಇಟ್ಟು ಜೀನೋಮ್ ಓದೋ ಲ್ಯಾಬಿಗಿ ಕಳಸಬೇಕು, ಅಲ್ಲಿ ಅಕ್ಷರ ಅಕ್ಷರ ಓದಿ ಹಳೇದ್ರ ಜೋಡಿ ಹೋಲಸಬೇಕು. ಇದಕ್ಕಂತ ಕೇಂದ್ರ ಸರ್ಕಾರ 2020ರ ಡಿಸೆಂಬರ್ ಕಡೀಗಿ ಇನ್ಸಾಕಾಗ್ ಅಂತ 10 ಲ್ಯಾಬುಗಳ ಕೂಟ ಮಾಡ್ತು, ಪಾಸಿಟಿವ್ ಬಂದದ್ರಾಗ ನೂರಕ್ಕ 5 ಸ್ಯಾಂಪಲ್ ಓದಬೇಕು ಅಂತ ಶುರುವಿನಾಗ ಇಟ್ಕೊಂಡಿದ್ದ ಗುರಿ. ಡೆಲ್ಟಾ ಸಿಕ್ಕ ಹಳೇ ಸ್ಯಾಂಪಲ್ 2020ರ ಅಕ್ಟೋಬರ್‌ದ್ದು, ಅಂದ್ರ ಈ ಕೂಟ ಹುಟ್ಟೋಕಿಂತ ಮೊದಲೇ ಅದು ತಿರಗ್ಯಾಡ್ಲಾಕತ್ತಿತ್ತು, ಅದೂ ಪಕ್ಕದ ಮಹಾರಾಷ್ಟ್ರದಾಗ. 2021ರ ಏಪ್ರಿಲ್ ಮೇದಾಗ ಏನಾಯ್ತು ಅಂತ ನಾ ಬರೆಯೋದು ಬ್ಯಾಡ, ದವಾಖಾನಿ ಗೇಟಿನ ಹೊರಗ ಆಟೋದಾಗ ಸಿಲಿಂಡರ್ ಅಪ್ಕೊಂಡು ಕುಂತೋರನ್ನ ಊರಾಗ ಎಲ್ರೂ ನೋಡ್ಯಾರ.

ಈ ಮಹಾರಾಷ್ಟ್ರದ ಮಾತು ಗಟ್ಟಿಯಾಗಿ ಹಿಡ್ಕೋರಿ, ಯಾಕಂದ್ರ ಬೆಂಗಳೂರಾಗ ಕುಂತೋರಿಗಿ ಇದು ತಿಳಿಯಂಗಿಲ್ಲ. ನಮಗ ಸೋಲಾಪುರ ರೈಲಿನಾಗ ಎರಡು ತಾಸು. ಹೈದರಾಬಾದಿಗಿ ಬೆಳಿಗ್ಗಿ ಹೋಗಿ ರಾತ್ರಿ ಬರ್ತೀವಿ. ನಮ್ ಮಂದಿ ದುಡಿಯಾಕ ಹೋಗೋದು ಪುಣೆ ಮುಂಬೈ, ದೊಡ್ಡ ದವಾಖಾನಿಗಿ ಹೋಗೋದು ಸೋಲಾಪುರ ಇಲ್ಲಾ ಹೈದರಾಬಾದ್, ಬೀದರಿನವ್ರಂತೂ ಹೈದರಾಬಾದ್ ಬಿಟ್ರ ಬ್ಯಾರೆ ದಿಕ್ಕೇ ನೋಡಂಗಿಲ್ಲ. ನೀವು ಪೇಪರ್‌ದಾಗ ಹಾಕೋದು ಏನು, "ಬೆಂಗಳೂರಿನಲ್ಲಿ ಇಷ್ಟು ಕೇಸ್, ರಾಜ್ಯದಲ್ಲಿ ಇಷ್ಟು ಕೇಸ್." ಬೆಂಗಳೂರಾಗ ಗಟಾರದ ನೀರು ಹಿಡಿದು ಪರೀಕ್ಷೆ ಮಾಡಿ ವೈರಸ್ ಏರ್ತದೋ ಇಳೀತದೋ ನೋಡ್ಯಾರ, ಭಾಳ ಚಲೋ ಕೆಲಸ, ಮಂದಿ ಟೆಸ್ಟ್ ಮಾಡ್ಸ್ಕೊಳ್ಳಿ ಬಿಡ್ಲಿ ಗಟಾರ ಸುಳ್ಳು ಹೇಳಂಗಿಲ್ಲ, ಹೆಸ್ರೂ ಕೇಳಂಗಿಲ್ಲ, ಬಾಗ್ಲಿಗಿ ಪೋಸ್ಟರೂ ಹಚ್ಚಂಗಿಲ್ಲ. ನಮ್ ಕಲಬುರಗಿಯಾಗೇನ್ ಗಟಾರ ಕಡಿಮಿ ಅವೇನ್ರಿ? ಮಳೆಗಾಲದಾಗ ಬಂದು ನೋಡ್ರಿ, ಅಂಗಡಿ ಮೆಟ್ಟಿಲ ತನಕ ತಾನಾಗೇ ಬರ್ತದ ಸ್ಯಾಂಪಲ್.

ಸುಮ್ನೆ ಹೆದರ್ಸಿದ್ರ ಏನಾಗ್ತದ ಅಂತ 2025ರ ಜನವರಿಯಾಗ ನೋಡಿದ್ವಿ. ಬೆಂಗಳೂರಾಗ ಎರಡು ಕೂಸಿಗಿ ಎಚ್‌ಎಂಪಿವಿ ಸಿಕ್ತು ಅಂತ ಸುದ್ದಿ ಬಂದಿದ್ದು ಸೋಮವಾರ, ಅವತ್ತು ಮಧ್ಯಾಹ್ನದೊಳಗ ನನ್ ಅಂಗಡ್ಯಾಗಿನ ಮಾಸ್ಕ್ ಖಾಲಿ, ಆಕ್ಸಿಮೀಟರ್ ಖಾಲಿ, ಒಬ್ರಂತೂ ಆಕ್ಸಿಜನ್ ಸಿಲಿಂಡರ್ ಬುಕ್ ಮಾಡ್ಸ್ಕೋ ಅಂತ ಅಡ್ವಾನ್ಸ್ ಕೊಡ್ಲಿಕ್ಕ ಬಂದಿದ್ರು. ಆ ವೈರಸ್ ನೆದರ್ಲೆಂಡ್ಸಿನವ್ರು ಗುರುತ್ಸಿದ್ದೇ 2001ರಾಗ, ಅದಕ್ಕೂ ಮೊದಲಿಂದ ಮಂದ್ಯಾಗ ಇರೋದು, ಚಳಿಗಾಲ ಬಂತಂದ್ರ ಮಕ್ಕಳಿಗಿ ಬರೋ ನೆಗಡಿ ಕೆಮ್ಮಿನಾಗ ಅದೂ ಒಂದು. ಟಿವಿಯಾಗ ಮಾತ್ರ "ಹೊಸ ವೈರಸ್" ಅಂದ್ರು. ನಂಗೇನ್ ಹೇಳ್ರಿ, ವ್ಯಾಪಾರ ಆಯ್ತು, ಖುಷಿ ಪಡಬೇಕು. ಆದ್ರ ಅದೇ ವಾರ ಒಬ್ಬ ಗಂಜಿನ ಹಮಾಲ, ಚೀಲ ಹೊತ್ತು ಹೊತ್ತು ಧೂಳು ಕುಡಿದ ಎದಿ ಅವಂದು, ಎರಡು ತಿಂಗಳಿಂದ ಕೆಮ್ಲಾಕತ್ತಿದ್ದವ, ಅವ "ಎಚ್‌ಎಂಪಿವಿ ಇರಬೇಕ್ರಿ ಮಾಲಕ್ರ, ನಾಕು ದಿನದಾಗ ಹೋಗ್ತದ" ಅಂತ ಅಂದ್ಕೊಂಡು ದವಾಖಾನಿಗಿ ಹೋಗ್ಲಿಲ್ಲ. ಎರಡು ತಿಂಗಳ ಕೆಮ್ಮಿಗಿ ಮೊದಲು ಕಫ ಪರೀಕ್ಷೆ ಆಗಬೇಕು ಅಂತ ನಾನೇ ಬೈದು ಕಳಸಬೇಕಾಯ್ತು.

ಇನ್ನೊಂದು ತಪ್ಪು ನಂದೇ ಹೇಳ್ಕೋತೀನಿ. ಹೊಸ ತಳಿ ಸುದ್ದಿ ಬಂದ ದಿನ ಮಂದಿ ಬಂದು ಕೇಳೋದು ಅಜಿಥ್ರೋಮೈಸಿನ್. "ಆ ಮೂರು ದಿನದ ಗುಳಗಿ ಕೊಡ್ರಿ" ಅಂತಾರ. ಅದು ಬ್ಯಾಕ್ಟೀರಿಯಾ ಕೊಲ್ಲೋ ಗುಳಗಿ, ವೈರಸ್ಸಿಗಿ ಏನೂ ಆಗಂಗಿಲ್ಲ, ಚೀಟಿ ಇಲ್ದೆ ಕೊಡೋಹಂಗೂ ಇಲ್ಲ. ಮೊದ್ಲೆಲ್ಲಾ ನಾನೂ ಪರಿಚಯದವ್ರಿಗಿ ಕೊಟ್ಟೀನಿ, ಸುಳ್ಳ್ಯಾಕ ಹೇಳ್ಲಿ. ಆದ್ರ ಕಾಯಿಕೊರಕದ ಕಥಿ ನಾನೇ ಮ್ಯಾಲ ಬರ್ದೀನಲ್ಲ, ಅದೇ ಕಥಿ ಇಲ್ಲೂ ಅದ, ಬ್ಯಾಡಾದಾಗೆಲ್ಲಾ ಕೊಟ್ರ ಬೇಕಾದಾಗ ಆ ಗುಳಗಿ ಕೆಲಸ ಮಾಡಂಗಿಲ್ಲ. ಈಗ ಚೀಟಿ ಇಲ್ದೆ ಕೊಡೋದು ಬಿಟ್ಟೀನಿ. ಮುಂದಿನ ಅಂಗಡ್ಯಾಗ ಸಿಗ್ತದ ಅಂತ ಹೋಗ್ತಾರ, ಹೋಗ್ಲಿ.

ಯಾರಿಗಿ ಖರೇನೇ ಜ್ವಾಕಿ ಬೇಕು ಅಂದ್ರ ವಯಸ್ಸಾದವ್ರು, ಸಕ್ಕರಿ ಇದ್ದವ್ರು, ಬಸುರಿ ಹೆಣ್ಮಕ್ಕಳು, ದಮ್ಮು ಇದ್ದವ್ರು, ಕ್ಯಾನ್ಸರ್ ಔಷಧ ನಡದವ್ರು. ಇವ್ರಿಗಿ ಉಸಿರು ಮ್ಯಾಲ ಕೆಳಗ ಆದ್ರ ತಳಿ ಯಾವ್ದು ಅಂತ ಕೇಳ್ಕೋತ ಕುಂಡ್ರಬಾರ್ದು, ದವಾಖಾನಿಗಿ ಹೋಗಬೇಕು. ಫ್ಲೂ ಸೂಜಿ ಅಂತ ಒಂದು ಅದ ಅನ್ನೋದೇ ನಮ್ ಕಡಿ ಬಹಳ ಮಂದಿಗಿ ಗೊತ್ತಿಲ್ಲ, ವೈರಸ್ ಬದಲಾಗ್ಕೋತ ಇರ್ತದ ಅಂತ ಡಬ್ಲ್ಯುಎಚ್‌ಒದವ್ರು ವರ್ಷಕ್ಕ ಎರಡು ಸರ್ತಿ, ಫೆಬ್ರವರಿ ಮತ್ತ ಸೆಪ್ಟೆಂಬರ್‌ದಾಗ, ಕುಂತು ಮುಂದಿನ ಸೀಜನ್ನಿನ ಸೂಜ್ಯಾಗ ಯಾವ ಯಾವ ರೂಪ ಹಾಕಬೇಕು ಅಂತ ಹೇಳ್ತಾರ, ಅದಕ್ಕೇ ಅದನ್ನ ಪ್ರತಿ ವರ್ಷ ಹೊಸದಾಗಿ ಹಾಕ್ಸ್ಕೋಬೇಕು. ಇದನ್ನ ಒಂದು ಸರ್ತಿ ಮೊದಲ್ನೇ ಪುಟದಾಗ ಹಾಕಿ ನೋಡ್ರಿ.

ನಾ ಕೇಳೋದು ದೊಡ್ಡದೇನಲ್ಲ. ಜಿಲ್ಲಾ ಆರೋಗ್ಯ ಇಲಾಖೆಯವ್ರು ಜ್ವರ ಕೆಮ್ಮಿನ ಲೆಕ್ಕ ವಾರ ವಾರ ಮ್ಯಾಲಕ್ಕ ಕಳಿಸ್ತಾರ, ಅದು ಎಲ್ಲೋ ಕಂಪ್ಯೂಟರಿನಾಗ ಹೋಗಿ ಕುಂಡ್ರತದ, ನಮಗ ಕಾಣಂಗಿಲ್ಲ. ಆ ಲೆಕ್ಕ ಈಸ್ಕೊಂಡು ನಿಮ್ ಕಲಬುರಗಿ ಪುಟದಾಗ, ತೊಗರಿ ಕಡ್ಲಿ ಧಾರಣಿ ಹಾಕ್ತೀರಲ್ಲ, ಅದರ ಕೆಳಗ ನಾಕು ಸಾಲು ಜಾಗ ಕೊಡ್ರಿ. ಈ ವಾರ ತಾಲ್ಲೂಕುವಾರು ಎಷ್ಟು ಮಂದಿಗಿ ಜ್ವರ, ಎಷ್ಟು ಮಂದಿ ಅಡ್ಮಿಟ್, ನಮ್ ಜಿಲ್ಲೆದಿಂದ ಎಷ್ಟು ಸ್ಯಾಂಪಲ್ ಜೀನೋಮ್ ಓದ್ಲಿಕ್ಕ ಹೋದ್ವು, ರಿಪೋರ್ಟ್ ಎಷ್ಟು ದಿನಕ್ಕ ಬಂತು. ಸ್ಯಾಂಪಲ್ ಸೊನ್ನಿ ಇದ್ರ ಸೊನ್ನಿ ಅಂತಾನೇ ಹಾಕ್ರಿ, ಸೊನ್ನೀನೂ ಸುದ್ದೀನೇ ಅಲ್ಲೇನ್ರಿ. ತೊಗರಿ ಧಾರಣಿ ನೋಡೋ ರೈತ್ರು ಅದನ್ನೂ ನೋಡ್ತಾರ, ಹೋದ ವಾರಕ್ಕಿಂತ ಏರ್ಯಾದೋ ಇಳಿದದೋ ಅಂತ ಅವ್ರಿಗಿ ಯಾರೂ ಕಲಸ್ಬೇಕಾಗಿಲ್ಲ, ಅದು ಅವ್ರ ಹುಟ್ಟು ವಿದ್ಯೆ. ಮತ್ತ ಊರಿನ ಹೆಸ್ರು ಲೆಕ್ಕದಾಗ ಬರ್ಲಿ, ರೋಗದ ಹೆಸ್ರಿನಾಗ ಬ್ಯಾಡ. "ಸೌದಿ ತಳಿ" "ಮುಂಬೈ ತಳಿ" ಅಂತ ಯಾವ ವರದಿಗಾರರು ಬರೆದ್ರೂ ನೀವು ಕುಂತು ಹೊಡೆದು ಹಾಕ್ರಿ, ಹಂಗ ಬರೆದ ದಿನ ಆ ಕಡಿಯಿಂದ ಬಂದವ್ರು ನನ್ ಅಂಗಡಿಗಿ ಬಂದು ನಾಕು ವರ್ಷದ ಹುಡುಗಗ ಅಂತ 650 ಕೇಳ್ತಾರ.

ಇಲಾಖೆಯವ್ರು ಲೆಕ್ಕ ಕೊಡ್ಲಿಕ್ಕ ತಡ ಮಾಡಿದ್ರ ನನ್ ಹತ್ರ ಒಂದು ವಹಿ ಅದ. 2021ರಿಂದ ಇಟ್ಟೀನಿ, ವಾರಕ್ಕ ಎಷ್ಟು ಕೆಮ್ಮಿನ ಸಿರಪ್, ಎಷ್ಟು ಜ್ವರದ ಸ್ಟ್ರಿಪ್ ಹೋದ್ವು ಅಂತ, ಗಿರಾಕಿ ಹೆಸ್ರು ಒಂದೂ ಇಲ್ಲ. ಪೇಪರ್‌ದಾಗ ಸುದ್ದಿ ಬರೋಕಿಂತ ಹತ್ತು ಹದಿನೈದು ದಿನ ಮೊದಲು ಅದ್ರಾಗ ಏರಿಕಿ ಕಾಣ್ತದ, ಎರಡು ಮೂರು ಸರ್ತಿ ತಾಳೆ ನೋಡೀನಿ. ಹಂಗಂತ ಮಳಿ ಬಂದಾಗಿನ ನೆಗಡಿಗೂ ಏರ್ತದ, ಗಂಜಿನಾಗ ತೊಗರಿ ಧೂಳು ಎದ್ದಾಗೂ ಏರ್ತದ, ಅದನ್ನ ನೋಡ್ಕೊಂಡು ಓದಬೇಕು. ಈ ವಾರ ಹೋದ ವಾರಕ್ಕಿಂತ ಒಂದು ಡಬ್ಬಿ ಸಿರಪ್ ಹೆಚ್ಚು ಹೋಗ್ಯಾದ. ನಿಮ್ ವರದಿಗಾರರು ಯಾರಾದ್ರೂ ಬಂದ್ರ ತೋರಸ್ತೀನಿ, ಮಧ್ಯಾಹ್ನ ಎರಡರಿಂದ ನಾಕರ ತನಕ ಅಂಗಡಿ ಬಂದ್ ಇರ್ತದ, ನಾಕರ ಮ್ಯಾಲ ಬರ್ಲಿಕ್ಕ ಹೇಳ್ರಿ.

ಇಂತಿ ನಿಮ್ಮ ಓದುಗ,
ಗಂಜ್ ಹತ್ರದ ಒಬ್ಬ ಮೆಡಿಕಲ್ ಅಂಗಡಿಯವ, ಕಲಬುರಗಿ